ಗಾರೆ ಮೆತ್ತಿದ ಚಪ್ಪಲಿ

ನಮ್ಮಕ್ಕ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತಳಾದರೂ ಅವಳ ಸಿಟ್ಟು ಇನ್ನೂ ಡ್ಯೂಟಿಯಲ್ಲೇ ಇದೆ. ಟಿಕೆಟ್ ಇಲ್ಲದವರನ್ನು ಕಂಡರೆ ಮೈಯೆಲ್ಲ ಉರಿ. ಸ್ವಂತ ತಮ್ಮನೆಂದೂ ನೋಡದೆ ನನ್ನನ್ನೇ ಒಮ್ಮೆ ನಡುದಾರಿಯಲ್ಲಿ ಇಳಿಸಿದ್ದಾಳೆ.

ಅಮ್ಮನ ಉಬ್ಬಸಕ್ಕೆ ಸರ್ಕಾರಿ ಔಷಧಾಲಯವೇ ಗತಿ. ಮೊದಲು ಅಲ್ಲಿ ಬಂದವರಿಗೆಲ್ಲ ಪುಕ್ಕಟೆ ಔಷಧಿ ಸಿಗುತ್ತಿತ್ತು. ಪಕ್ಕದಲ್ಲಿ ನಿಂತವನು ಯಾವ ಊರಿನವನೆಂದು ಯಾರಿಗೂ ಬೇಕಿರಲಿಲ್ಲ. ಆಮೇಲೆ ದಿನಕ್ಕಿಷ್ಟೇ ಟೋಕನ್ ಎಂಬ ಬೋರ್ಡು ಬಿತ್ತು. ಅಂದಿನಿಂದ ನಮ್ಮ ಕಿವಿ ಎಷ್ಟು ಚುರುಕಾಯಿತೆಂದರೆ, ಯಾರು ಕೆಮ್ಮಿದರೂ ಅದು ನಮ್ಮೂರ ಕೆಮ್ಮೋ ಹೊರಗಿನದೋ ಹೇಳಿಬಿಡುತ್ತಿದ್ದೆವು. ಔಷಧಿ ಯಾಕೆ ಸಾಲದು ಎಂದರೆ ಗುಮಾಸ್ತ ಹೊರಗಿಂದ ಬಂದವರತ್ತ ಪೆನ್ನು ತೋರಿಸುತ್ತಿದ್ದ. ನಾವೂ ಆ ಪೆನ್ನು ತೋರಿದ ಕಡೆಗೇ ಸಿಟ್ಟಾಗುತ್ತಿದ್ದೆವು.

ಅಲ್ಲಿ ಸಾಲಿನಲ್ಲಿ ನಿಲ್ಲುವುದು ಚಪ್ಪಲಿ. ಜನ ಒಳಗೆ ಬೆಂಚಿನ ಮೇಲೆ ಕೂರುತ್ತಾರೆ. ಆ ದಿನ ಮನೆಯಲ್ಲಿ ಔಷಧಿ ಖಾಲಿ, ಅಮ್ಮನಿಗೆ ಏದುಸಿರು. ತಡೆಯಲಾರದೆ ಅವಳು ಹಿಂದಿನ ಮನೆಯಾಕೆಯ ಕೈಹಿಡಿದು ನಮಗಿಂತ ಮುಂಚೆಯೇ ಹೋಗಿದ್ದಳು. ನಾವು ತಲುಪಿದಾಗ ಸಾಲಿನ ಮುಂಚೂಣಿಯಲ್ಲಿ ಗಾರೆ ಮೆತ್ತಿದ ಅಗಲ ಚಪ್ಪಲಿಗಳು ಕಂಡವು. ಗಾರೆ ಕೆಲಸದವರೆಲ್ಲ ಹೊರಗಿನವರೇ ಎಂದುಕೊಂಡು ಅಕ್ಕ ಅವನ್ನು ಚರಂಡಿಗೆ ಒದ್ದಳು. ನಾಲ್ಕಾರು ಜನ ಶಹಭಾಸ್ ಎಂದರು. ನಾನು ತಲೆಯಾಡಿಸಿದೆ, ಅಕ್ಕನ ಎದುರು ಆ ತಲೆ ಅಡ್ಡಡ್ಡ ಆಡಿದ್ದೇ ಇಲ್ಲ.

ಕಿಟಕಿ ತೆರೆಯಿತು. ಅಮ್ಮ ಎದ್ದು ಬಂದು ತನ್ನ ಜಾಗ ಹುಡುಕಿದಳು. ನಿನ್ನ ಚಪ್ಪಲಿ ಎಲ್ಲಿದೆ ಅಜ್ಜಿ ಎಂದು ಶಹಭಾಸ್ ಅಂದವರೇ ಅವಳನ್ನು ಹಿಂದಕ್ಕೆ ಕಳಿಸಿದರು. ಚಪ್ಪಲಿ ಇಲ್ಲದವರಿಗೆ ಜಾಗವಿಲ್ಲವೆಂಬ ನಿಯಮ ಅಕ್ಕನಿಗೂ ಸರಿಯೆನಿಸಿತು. ಅವಳ ಸರದಿ ಬರುವಷ್ಟರಲ್ಲಿ ಟೋಕನ್ ಮುಗಿಯಿತು.

"ಕಾಲು ಊದಿತ್ತು ಕಣೇ," ಎಂದು ಅಮ್ಮ ಏದುಸಿರಿನಲ್ಲೇ ಅಕ್ಕನಿಗೆ ಹೇಳಿದಳು. "ನನ್ನ ಚಪ್ಪಲಿ ಹಿಡಿಸ್ಲಿಲ್ಲ. ಪಾಪ, ಹಿಂದಿನ ಮನೆಯೋಳು ಗಂಡನ ಗಾರೆ ಚಪ್ಪಲಿ ಕೊಟ್ಲು."

ಅಕ್ಕನ ಮುಖ ಕಪ್ಪಿಟ್ಟಿತು. ಗುಮಾಸ್ತ ಅಭ್ಯಾಸಬಲದಿಂದ ಪೆನ್ನೆತ್ತಿದ; ಹೊರಗಿನವರು ಬಂದು ಹೀಗಾಯ್ತಮ್ಮ ಎಂದ.

ಅಕ್ಕ ಚರಂಡಿಗೆ ಕೈ ಹಾಕಿ ಚಪ್ಪಲಿಗಳನ್ನು ಎತ್ತಿದವಳೇ, ಕೊಚ್ಚೆ ಸುರಿಯುತ್ತಿದ್ದಂತೆಯೇ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಇಳಿಯುತ್ತಿದ್ದ ಷಟರ್ ಅವುಗಳ ಮೇಲೆ ಬಂದು ನಿಂತಿತು.

"ಬಸ್ ತುಂಬಿದ್ರೆ ಇನ್ನೊಂದು ಬಸ್ ಬಿಡಿ ಅಂತ ಡಿಪೋದಲ್ಲಿ ಜಗಳ ಆಡಿದೋಳು ನಾನು," ಎಂದಳು. "ಕೂತೋರನ್ನ ಎತ್ತಿ ಹೊರಗೆ ಎಸೀಲಿಲ್ಲ. ಔಷಧಿ ಕಮ್ಮಿ ತರಿಸೋರು ನೀವು. ಚಪ್ಪಲಿ ಒದ್ಕೊಂಡು ಸಾಯೋರು ನಾವಾ?"

ಗುಮಾಸ್ತ ಷಟರ್ ಜಗ್ಗಿದ. ಅದು ಜಗ್ಗಲಿಲ್ಲ, ಅಕ್ಕನೂ ಜಗ್ಗಲಿಲ್ಲ. ಕೊನೆಗೆ ಬೀರುವಿನಿಂದ ಅಮ್ಮನ ಔಷಧಿ ಹೊರಬಂತು. ನಾನು ಅದನ್ನು ಕಸಿದುಕೊಂಡು, ಸಾಕು ಬಾ ಅಕ್ಕ ಎಂದೆ.

ಅವಳು ಚಪ್ಪಲಿಗಳನ್ನು ತೆಗೆಯಲಿಲ್ಲ.

"ಹಿಂದೆ ಇನ್ನೂ ಜನ ಇದಾರೆ ಕಣೋ," ಎಂದಳು, ಬಸ್ ನಿಲ್ಲಿಸುವ ಹಳೆಯ ದನಿಯಲ್ಲಿ. "ಹೋಲ್ಡಾನ್."