ಗಂಜಿ ಹಾಕದ ಒಂದು ಪುಸ್ತಕ

ಮೊನ್ನೆ ನನ್ನ ಹಳೆಯ ನೂಲಿನ ಸೀರೆಗೆ ಗಂಜಿ ಹಾಕಲು ಕೂತಿದ್ದೆ. ಹಿಟ್ಟು ಕುದಿದು ಗಟ್ಟಿಯಾಗುವಾಗ ಒಂದು ವಾಸನೆ ಬರುತ್ತದೆ, ಸ್ವಲ್ಪ ಹುಳಿ, ಸ್ವಲ್ಪ ಹಸಿ. ಆ ವಾಸನೆಗೆ ಮೊಮ್ಮಗಳು ಒಳಗಿನಿಂದ ಓಡಿ ಬಂದಳು. ಬಂದವಳು ಮೊದಲು ಮಾಡಿದ ಕೆಲಸ ತನ್ನ ಕಪಾಟಿನ ಬಾಗಿಲು ಮುಚ್ಚಿದ್ದು.

"ಅಜ್ಜಿ, ಗಂಜಿ ಕೈಲೆ ನನ್ನ ಪುಸ್ತಕಾ ಮುಟ್ಟಬ್ಯಾಡ ನೋಡು. ಗಂಜಿ ಅಂದ್ರ ಹುಳಕ್ಕ ಹಬ್ಬದ ಊಟ."

ಆ ಕಪಾಟಿನಲ್ಲಿ ಅವಳ ಚಿತ್ರಕಥೆಯ ಪುಸ್ತಕಗಳಿವೆ. ಹಳೆಯವು, ಈಗ ಸಿಗದಂಥವು, ಎಲ್ಲೆಲ್ಲಿಂದಲೋ ಹುಡುಕಿ ತಂದವು. ಒಂದೊಂದಕ್ಕೂ ಒಂದು ಪ್ಲಾಸ್ಟಿಕ್ ಕವರು, ಬೆನ್ನಿಗೊಂದು ಗಟ್ಟಿ ರಟ್ಟು, ಮೂಲೆಯಲ್ಲಿ ತೇವ ಹೀರುವ ಪುಟ್ಟ ಪೊಟ್ಟಣ. ಬಿಸಿಲು ತಾಗಬಾರದು, ಗೋಡೆಗೆ ಒತ್ತಬಾರದು, ಒಂದರ ಮೇಲೊಂದು ಹೇರಬಾರದು. ಮದುಮಗಳಿಗೂ ಇಷ್ಟು ಕಾವಲು ಇರುವುದಿಲ್ಲ ಬಿಡು ಎಂದು ನಾನು ನಗಾಡುತ್ತಿರುತ್ತೇನೆ. ಅವತ್ತು ನಗು ಬರಲಿಲ್ಲ. ಗಂಜಿಯ ಪಾತ್ರೆ ಹಿಡಿದು ಹಾಗೇ ಕೂತುಬಿಟ್ಟೆ. ಅವಳು ಹೇಳಿದ ಆ ಒಂದು ಮಾತನ್ನು ಆಗ ನಮ್ಮ ಓಣಿಯಲ್ಲಿ ಹೇಳುವವರು ಒಬ್ಬರಾದರೂ ಇದ್ದಿದ್ದರೆ…

ನಮ್ಮದು ಗಜೇಂದ್ರಗಡದ ನೇಕಾರರ ಓಣಿ. ಆಗಿನ್ನೂ ನಾವು ಮುಂಬಯಿ ಪ್ರಾಂತದಲ್ಲಿದ್ದೆವು. ಕರ್ನಾಟಕ ಒಂದಾಗುತ್ತದಂತೆ ಎಂಬ ಮಾತು ಕಟ್ಟೆಯ ಮೇಲೆಲ್ಲ ನಡೆದಿತ್ತು. ಯಾವುದು ಯಾವುದಕ್ಕೆ ಸೇರಿದರೂ ನನಗೇನೂ ಆಗುವಂತಿರಲಿಲ್ಲ. ನಾಲ್ಕನೆಯ ಇಯತ್ತೆ ಮುಗಿದ ಕೂಡಲೇ ನನ್ನನ್ನು ಶಾಲೆ ಬಿಡಿಸಿ, ಪಕ್ಕದ ಮನೆಯಲ್ಲಿ ಕಂಡಿಕೆ ಸುತ್ತಲು ಕೂರಿಸಿದ್ದರು. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯೊಳಗೆ ಕೂರುವ ನೂಲಿನ ಉರುಳೆಗೆ ಕಂಡಿಕೆ ಎನ್ನುತ್ತಾರೆ. ನಮ್ಮ ಮನೆಯ ಬಾಗಿಲಿನಿಂದ ಆ ಮನೆಯ ಬಾಗಿಲಿಗೆ ಹನ್ನೆರಡು ಹೆಜ್ಜೆ. ನನ್ನ ಲೋಕ ಅಷ್ಟೇ ಆಗಿತ್ತು. ಓದಲು ಬರುತ್ತದೆ, ಓದಲು ಏನೂ ಇಲ್ಲ. ಸಾಮಾನು ಕಟ್ಟಿ ಬಂದ ಕಾಗದದ ಚೂರನ್ನೂ ಬಿಡಿಸಿ ಬಿಡಿಸಿ ಓದುತ್ತಿದ್ದೆ.

ಆ ಮನೆಯ ಮುಂದಿನ ಪಡಸಾಲೆಯಲ್ಲಿ ಅಣ್ಣನ ಮಗ್ಗ, ಹಿಂದಿನ ಕೋಣೆಯಲ್ಲಿ ತಮ್ಮನದು. ಈ ತಮ್ಮನೇ ನಮ್ಮ ಕಾಕಾ. ರಕ್ತಸಂಬಂಧವೇನಲ್ಲ, ಓಣಿಯ ಮಕ್ಕಳಿಗೆಲ್ಲ ಕಾಕಾ. ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಾಲು ಒಣಗಿ ಕಡ್ಡಿಯಾಗಿತ್ತು, ಮದುವೆಯಾಗಿರಲಿಲ್ಲ. ಅವನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯಬೇಕು. ಎರಡು ಕಾಲಿನ ಕೆಲಸವನ್ನು ಕಾಕಾನ ಬಲಗಾಲೊಂದೇ ಮಾಡುತ್ತಿತ್ತು. ಬೆಳಗ್ಗೆ ಅಣ್ಣ ಕೈಹಿಡಿದು ಇಳಿಸಿದರೆ ಮತ್ತೆ ಎತ್ತುವುದು ಸಂಜೆಗೆ. ನಡುವೆ ಮೇಲೆ ಬರಬೇಕೆಂದರೆ ಯಾರನ್ನಾದರೂ ಕೂಗಬೇಕು. ಕೂಗಿದರೆ ಅವನು ವೈನಿ ಎನ್ನುವ ಅತ್ತಿಗೆ ಗೊಣಗುತ್ತಾಳೆ. ಕಾಕಾ ಕೂಗುತ್ತಿರಲಿಲ್ಲ. ಅದಕ್ಕೆಂದೇ ಹಗಲು ನೀರು ಕೂಡ ಕಡಿಮೆ ಕುಡಿಯುತ್ತಿದ್ದ.

"ಕುಣಿಯೊಳಗ ಕುಂತ್ರ ನಾನೂ ಎಲ್ಲಾರ ಹಂಗನ ಕಾಣಸ್ತೀನಿ ತಂಗಿ," ಎನ್ನುತ್ತಿದ್ದ. "ಮ್ಯಾಲ ಬಂದ್ರನ ತೊಂದರಿ."

ಚಿತ್ರದ ಪುಸ್ತಕಗಳು ಆ ಕೋಣೆಗೆ ಬಂದದ್ದು ಆಕಸ್ಮಿಕ. ಗದಗಿನಿಂದ ನೂಲು ತರುವವರು ಒಮ್ಮೆ ಬಸ್ಸಿನಲ್ಲಿ ಯಾರೋ ಬಿಟ್ಟುಹೋಗಿದ್ದ ಮಕ್ಕಳ ಮಾಸಿಕವೊಂದನ್ನು ನೂಲಿನ ಜೊತೆ ತಂದು ಇಟ್ಟುಹೋದರು. ಪುಟಪುಟಕ್ಕೂ ಬಣ್ಣದ ಚಿತ್ರ, ಚೌಕಚೌಕದೊಳಗೆ ಸಾಗುವ ಕಥೆ. ಕಾಕಾನಿಗೆ ಅಕ್ಷರ ಬರುತ್ತಿರಲಿಲ್ಲ. ಚಿತ್ರ ನೋಡಿದ, ನನ್ನ ಮುಖ ನೋಡಿದ. "ಇದರಾಗ ಏನ್ ಬರದಾರ, ಓದವ್ವಾ," ಎಂದ. ನಾನು ಓದಿದೆ. ಅಂದಿನಿಂದ ಕಾಕಾ ಅವರ ಕೈಲಿ ತಿಂಗಳಿಗೊಂದು ಪುಸ್ತಕ ತಪ್ಪದೆ ತರಿಸತೊಡಗಿದ.

ಓದುವುದೂ ಸುಲಭವಿರಲಿಲ್ಲ. ಹಿಂದಿನ ಮಗ್ಗದ ಸದ್ದು ನಿಂತರೆ ಮುಂದಿನಿಂದ ಅಣ್ಣ "ಯಾಕ ನಿಂತಿತು?" ಎಂದು ಕೇಳುತ್ತಿದ್ದ. ಅದಕ್ಕೇ ನಾನು ಮಗ್ಗದ ಸದ್ದಿನ ಮೇಲೆ ಸದ್ದು ಮಾಡಿ ಓದುತ್ತಿದ್ದೆ. ಚಿತ್ರ ನೋಡಲೇಬೇಕಾದಾಗ ಕಾಕಾ ಲಾಳಿ ಬಿಟ್ಟು, ಎಳೆ ಒತ್ತುವ ಹಣಿಗೆಯನ್ನು ಒಂದು ಕೈಯಿಂದ ಬರಿದೇ ಬಡಿಯುತ್ತ ಪುಸ್ತಕದ ಮೇಲೆ ಬಗ್ಗುತ್ತಿದ್ದ. ಸದ್ದು ಮುಂದಕ್ಕೆ ಹೋಗುತ್ತಿತ್ತು, ಸೀರೆ ಮಾತ್ರ ಒಂದೆಳೆಯೂ ಬೆಳೆಯುತ್ತಿರಲಿಲ್ಲ. ಕಳ್ಳ ಕಾಕಾ!

ಪುಸ್ತಕ ಮುಟ್ಟುವ ಮೊದಲು ಕೈ ತೊಳೆದು, ಎರಡೂ ಅಂಗೈ ಮುಂದೆ ಚಾಚಿ ತೋರಿಸಬೇಕು. ಎಣ್ಣೆಯ ಪಸೆ ಕಂಡರೆ ಮತ್ತೆ ತೊಳೆಯಬೇಕು. ಹಾಳೆಯನ್ನು ಮೇಲಿನ ಮೂಲೆಯಿಂದ ತಿರುವಬೇಕು, ಉಗುಳು ಹಚ್ಚಕೂಡದು. ಇಷ್ಟು ಜೋಕೆ ಮಾಡಿಯೂ ಅವನ್ನು ಇಡಲು ಆ ಮನೆಯಲ್ಲಿ ಜಾಗ ಸಿಗಲಿಲ್ಲ. ಮೊದಲು ಕುಣಿಯ ಗೋಡೆಯ ಗೂಡಿನಲ್ಲಿಟ್ಟ; ಮಳೆಗಾಲದಲ್ಲಿ ತೇವ ಹತ್ತಿ ರಕ್ಷಾಪುಟದ ಮೇಲೆ ಬೂಸಲು ಬಂತು. ಬಟ್ಟೆಯಲ್ಲಿ ಗಂಟು ಕಟ್ಟಿ ಜಂತಿಗೆ ತೂಗುಹಾಕಿಸಿದ; ಇಲಿ ಒಂದರ ಮೂಲೆ ಕಡಿಯಿತು. ಆ ಮೂಲೆಗಾಗಿ ಕಾಕಾ ಒಂದು ದಿನ ಉಣ್ಣಲಿಲ್ಲ. ಬೇವಿನ ಎಲೆ ಹಾಕಿದರೆ ಎಲೆಯ ಕಲೆ ಚಿತ್ರದಲ್ಲಿದ್ದ ರಾಜಕುಮಾರನ ಮೋರೆಯ ಮೇಲೆ ಕೂತಿತು. ಕೆಳಗಿಟ್ಟರೆ ಅಣ್ಣನ ಮಕ್ಕಳ ಕೈ. ಅತ್ತಿಗೆಗಂತೂ ಅದು ಮೊದಲಿನಿಂದಲೂ ಕಣ್ಣುರಿ. "ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಹಾಳಿ ಕೂಡ ಸಂಸಾರ ಮಾಡ್ಯಾನ. ಒಂದಿನ ಒಲಿಗೆ ಹಾಕತೀನಿ ತಗೋ," ಎನ್ನುತ್ತಿದ್ದಳು. ಅವಳು ಆಡಿದಂತೆ ಮಾಡುವ ಹೆಂಗಸು.

ನನಗೆ ಹದಿನೈದು ತುಂಬುವಷ್ಟರಲ್ಲಿ ನರಗುಂದದ ಕಡೆಯವರು ಬಂದು ನೋಡಿ ಹೋದರು. ಲಗ್ನ ಗೊತ್ತಾಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ. ಕಾಕಾ ಮಾತ್ರ ಎರಡು ದಿನ ಪುಸ್ತಕ ತೆಗೆಸಲಿಲ್ಲ. ಮೂರನೆಯ ದಿನ ಹೇಳಿದ, "ನೀ ಹ್ವಾದ ಮ್ಯಾಲ ಇವು ಮೂಕ ಆಗ್ತಾವ ಯವ್ವಾ. ಆಗ್ಲಿ ಬಿಡು. ನೀ ಪಂಚಮಿಗೆ ಬಂದಾಗ ಓದಿ ಹೇಳು, ವರ್ಷಕ್ಕ ಸಾಕು ನನಗ. ಆದ್ರ ಇವು ನಾ ಇರೂಮಟ ಬಾಳಬೇಕು."

ಹಾಳೆ ಬಾಳುವುದು ಹೇಗೆ? ಉತ್ತರ ನನ್ನ ಬಾಯಿಂದಲೇ ಬಂತು. ಸುಳ್ಳು ಹೇಳುವುದಿಲ್ಲ, ಆ ಮಾತಿನ ಪಾಪ ನನ್ನದೇ. "ನೂಲಿಗೆ ಗಂಜಿ ಕುಡಿಸಿದ್ರ ಗಟ್ಟಿ ಆಗತೈತಿ. ಹಾಳಿಗೂ ಕುಡಿಸಿದ್ರ?" ಎಂದೆ. ಕಾಕಾನ ಮುಖ ಅರಳಿತು. ನೇಕಾರನಿಗೆ ಗಂಜಿಯ ಮೇಲೆ ಇರುವ ನಂಬಿಗೆ ದೇವರ ಮೇಲೂ ಇರುವುದಿಲ್ಲ. ಮುಟ್ಟಿದರೆ ಹರಿಯುವ ಎಳೆಯನ್ನು ಮಗ್ಗದ ಪೆಟ್ಟು ತಾಳುವಂತೆ ಮಾಡುವುದು ಅದೇ ತಾನೇ? ಆದರೆ ನೇಕಾರನ ಮನೆಯಲ್ಲಿ ಸೀರೆ ಹೆಚ್ಚು ದಿನ ನಿಲ್ಲುವುದಿಲ್ಲ, ಮಗ್ಗದಿಂದ ಇಳಿದದ್ದೇ ಸಾವುಕಾರನ ಮನೆ ಸೇರುತ್ತದೆ. ಗಂಜಿ ಕುಡಿದದ್ದನ್ನು ವರ್ಷಗಟ್ಟಲೆ ಮುಚ್ಚಿಟ್ಟರೆ ಏನಾಗುತ್ತದೆಂದು ನಮ್ಮ ಓಣಿಯಲ್ಲಿ ಯಾರೂ ನೋಡಿದವರಿರಲಿಲ್ಲ.

ತಿಳಿಯಾಗಿ ಗಂಜಿ ಕಾಸಿ, ಮಗ್ಗದ ಹಾಸಿನ ಎಳೆಗೆ ಹಚ್ಚುವ ಕುಂಚದಿಂದ ಪುಟಪುಟಕ್ಕೂ ಹಚ್ಚಿದೆವು. ಉದ್ದದ ಎಳೆಗಳನ್ನು ನಮ್ಮಲ್ಲಿ ಹಾಸು ಎನ್ನುತ್ತಾರೆ. ಅದಕ್ಕೆ ಮಾಡುವ ಉಪಚಾರವೆಲ್ಲ ಪುಸ್ತಕಕ್ಕೂ ಆಯಿತು. ಹಾಳೆ ಅಂಟದಂತೆ ನಡುವೆ ಕಡ್ಡಿ ಇಟ್ಟು ನೆರಳಿನಲ್ಲಿ ಒಣಗಿಸಿದೆವು. ಒಣಗಿದ ಹಾಳೆ ಹೊಸ ಸೀರೆಯ ಮಡಿಕೆಯಂತೆ ಗರಿಗರಿಯಾಗಿತ್ತು. ಬೆರಳಿನಿಂದ ತಟ್ಟಿ ಸದ್ದು ಕೇಳಿ ಕಾಕಾ ಮಗುವಿನಂತೆ ನಕ್ಕ.

ಒಂದನ್ನು ಮಾತ್ರ ಗಂಜಿ ಹಚ್ಚುವ ಮೊದಲೇ ನಾನು ಕದ್ದಿದ್ದೆ. ನದಿ ಎಲ್ಲಿ ಮುಗಿಯುತ್ತದೆಂದು ನೋಡಲು ದೋಣಿ ಹತ್ತಿ ಹೊರಟ ಅಂಬಿಗನ ಕಥೆ ಅದರಲ್ಲಿತ್ತು. ಕೊನೆಯಲ್ಲಿ ಇಡೀ ಪುಟದ ತುಂಬ ಸಮುದ್ರ. ಕೆರೆಗಿಂತ ದೊಡ್ಡ ನೀರು ಕಂಡವರಲ್ಲ ನಾವಿಬ್ಬರೂ. ಆ ಪುಟ ಬಂದಾಗ ಕಾಕಾ ಹಣಿಗೆ ಬಡಿಯುವುದನ್ನೂ ಮರೆಯುತ್ತಿದ್ದ, ಅಣ್ಣನ ಕೂಗು ಬರುತ್ತಿತ್ತು. ಆ ನೀಲಿಯನ್ನು ಬಿಟ್ಟು ನರಗುಂದಕ್ಕೆ ಹೋಗಲು ನನ್ನಿಂದ ಆಗಲಿಲ್ಲ. ಲಂಗದ ಮಡಿಕೆಯಲ್ಲಿ ಸುತ್ತಿ ನನ್ನ ಪೆಟ್ಟಿಗೆಯ ತಳಕ್ಕೆ ಸೇರಿಸಿದೆ.

ನೂಲು ಬರುವ ಕಟ್ಟಿಗೆಯ ಪೆಟ್ಟಿಗೆಗೆ ಪುಸ್ತಕ ತುಂಬುವಾಗ ಕಾಕಾ ಎಣಿಸಿದ. "ಮೂವತ್ತು ಅದಾವ. ಒಂದು ಕಡಿಮಿ ಬರ್ತೈತಲ್ಲ?"

"ನೀ ಎಣಿಸಿದ್ದು ತಪ್ಪೈತಿ ಕಾಕಾ," ಎಂದೆ.

ಅವನು ಮತ್ತೆ ಎಣಿಸಲಿಲ್ಲ. ಸಾವಿರಾರು ಎಳೆ ಎಣಿಸಿ ಮಗ್ಗ ಹೂಡುವವನಿಗೆ ನಾನು ಎಣಿಕೆ ಕಲಿಸಿದ್ದೆ! ಪೆಟ್ಟಿಗೆಗೆ ಬೀಗ ಬಿತ್ತು, ಕೀಲಿ ಕಾಕಾನ ಉಡದಾರಕ್ಕೆ ಹೋಯಿತು. ಅಣ್ಣ ಪೆಟ್ಟಿಗೆಯನ್ನು ಮಗ್ಗದ ಮೇಲಿನ ಅಟ್ಟಕ್ಕೆ ಏರಿಸಿದ. ಕಾಕಾ ಅಲ್ಲಿಗೆ ಹತ್ತುವಂತಿರಲಿಲ್ಲ. ಮಕ್ಕಳೂ ಹತ್ತುವಂತಿರಲಿಲ್ಲ. ಅದೇ ಭದ್ರ ಎಂದುಕೊಂಡೆವು.

ನರಗುಂದದ ಮನೆ ದೊಡ್ಡದು. ನನಗೆ ಸಿಕ್ಕಿದ್ದು ಅಡುಗೆಮನೆ, ಅದಕ್ಕೊಂದು ಕಿಂಡಿ, ಕಿಂಡಿಯ ತುಂಬ ಗುಡ್ಡ. ಸೊಸೆ ಪುಸ್ತಕ ಹಿಡಿದರೆ ಮನೆ ಹಾಳಾಗುತ್ತದೆ ಎನ್ನುವ ಅತ್ತೆ. ಕಟ್ಟಿಗೆ ತರುವ ನೆಪದಲ್ಲಿ ಹಿತ್ತಲ ಕೋಣೆಗೆ ಹೋಗಿ ಒಂದು ಗಳಿಗೆ ಸಮುದ್ರ ನೋಡಿ ಬರುತ್ತಿದ್ದೆ. ಆಗ ಕಾಕಾನ ಕುಣಿ ಎಂಥದೆಂದು ನನಗೆ ತಿಳಿಯಿತು. ಅವನಿಗೆ ಸಂಜೆಗಾದರೂ ಕೈಹಿಡಿದು ಎತ್ತುವವರಿದ್ದರು. ಮೊದಲ ಪಂಚಮಿಗೆ ಅತ್ತೆಗೆ ಆರಾಮ ಇರಲಿಲ್ಲ, ಎರಡನೆಯದಕ್ಕೆ ನಾನು ಬಸುರಿ. ತವರಿಗೆ ಕಳಿಸಿದ್ದು ಮೂರನೆಯದಕ್ಕೆ. ಕದ್ದದ್ದನ್ನು ಮೆಲ್ಲಗೆ ಕಾಕಾನ ಪೆಟ್ಟಿಗೆಗೆ ಸೇರಿಸಿಬಿಡಬೇಕೆಂದು ಪುಸ್ತಕವನ್ನೂ ಒಯ್ದಿದ್ದೆ.

ಓಣಿಯಲ್ಲಿ ಜೋಕಾಲಿ ಕಟ್ಟಿದ್ದರು, ಹುಡುಗಿಯರ ನಗು ಕೇಳುತ್ತಿತ್ತು. ಹಿಂದಿನ ಕೋಣೆಯಲ್ಲಿ ಕಾಕಾ ಹಬ್ಬದ ದಿನವೂ ಕುಣಿಯಲ್ಲೇ ಇದ್ದ. ಸೊರಗಿದ್ದ. ಶೇಂಗಾ ಉಂಡಿ ಕೈಗಿಟ್ಟರೆ ಪಕ್ಕಕ್ಕಿಟ್ಟು ಉಡದಾರದಿಂದ ಕೀಲಿ ಬಿಚ್ಚಿದ. "ನೀ ಹ್ವಾದ ಮ್ಯಾಲ ಹೊಸಾವು ತರಿಸಲಿಲ್ಲ. ಓದವರ ಯಾರು? ಹತ್ತು, ತಗದು ನೋಡು," ಎಂದ.

ಪುಸ್ತಕವನ್ನು ಸೆರಗಿನೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಚ್ಚಣಿಕೆ ಹತ್ತಿದೆ. ಬೀಗ ತೆಗೆದೆ, ಮುಚ್ಚಳ ಎತ್ತಿದೆ… ಪೆಟ್ಟಿಗೆಯಲ್ಲಿ ಪುಸ್ತಕ ಇರಲಿಲ್ಲ. ಜರಡಿಯಾದ ಹಾಳೆಗಳ ಒಂದು ಮುದ್ದೆ ಇತ್ತು. ಬೆರಳು ಇಟ್ಟ ಕಡೆ ಪುಡಿಯಾಗಿ ಕುಸಿಯಿತು. ಸಣ್ಣ ಬಿಳಿ ಹುಳಗಳು ಬೆಳಕಿಗೆ ಹೆದರಿ ಸರಿದವು. ಪೆಟ್ಟಿಗೆಯ ತಳವನ್ನೂ ಕೊರೆದಿದ್ದವು. ನನ್ನ ಬೆರಳಿಗೆಲ್ಲ ಪುಡಿ ಹತ್ತಿತ್ತು. ಗಂಜಿ ಹಚ್ಚಿದ ಕೈ ಅದೇ.

ಕೆಳಗಿನಿಂದ ಕಾಕಾ ಕೇಳಿದ, "ಹ್ಯಾಂಗ ಅದಾವ ಯವ್ವಾ?"

"ಇಟ್ಟಂಗ ಅದಾವ ಕಾಕಾ."

ಮಗ್ಗ ಎರಡು ಸಲ ಬಡಿಯಿತು. ಆಮೇಲೆ, "ಹಂಗಾರ ಆ ಸಮುದ್ರದ್ದು ತಗೊಂಡು ಬಾ. ಅದನ್ನ ಓದು."

ಮೂವತ್ತೊಂದರಲ್ಲಿ ಅವನು ಕೇಳಿದ್ದು ಅದನ್ನೇ. ಸೊಂಟದಿಂದ ಪುಸ್ತಕ ತೆಗೆದು, ಬೀಗ ಹಾಕಿ, ಇಳಿದು ಬಂದೆ. ನಾನು ಕೈ ತೊಳೆದು ಬಂದು ಎರಡೂ ಅಂಗೈ ಚಾಚಿದೆ. ನೋಡಿ ತಲೆಯಾಡಿಸಿದ. ಅಂಬಿಗ ದೋಣಿ ಬಿಚ್ಚುವಲ್ಲಿಂದ ಕೊನೆಯವರೆಗೂ ಓದಿದೆ. ಸಮುದ್ರದ ಪುಟ ಬಂದಾಗ ಮಗ್ಗ ನಿಂತಿತು. ಮುಂದಿನಿಂದ ಕೂಗೂ ಬಂತು. ಕಾಕಾ ಹಣಿಗೆಗೆ ಕೈ ಹಾಕಲೇ ಇಲ್ಲ. ಕಣ್ಣು ತುಂಬಿದ್ದವು.

ಪುಸ್ತಕ ಮುಚ್ಚಿ ಮತ್ತೆ ಮೇಲಿಡಲು ಎದ್ದೆ. ಕಾಕಾ ನನ್ನ ಸೆರಗು ಹಿಡಿದ.

"ಅದನ್ನ ನೀನ ಒಯ್ಯಿ. ಇಲ್ಲಿ ಇಡಬ್ಯಾಡ."

ನಾನು ಅವನ ಮುಖ ನೋಡಿದೆ. ಅವನು ಕುಂಚ ತೆಗೆದುಕೊಂಡು ಕೆಂಪು ಹಾಸಿನ ಮೇಲೆ ಮೆಲ್ಲಗೆ ಎಳೆದ. ಹಾಸಿನ ಮೇಲೆ ಹಳದಿ ಪುಡಿ ಬಿದ್ದಿತ್ತು, ನಡುನಡುವೆ ನೀಲಿ, ಹಸಿರು ಕಣಗಳು. ತಲೆ ಎತ್ತಿದರೆ ಅಟ್ಟದ ಹಲಗೆಯ ಸಂದು, ಅದರ ಮೇಲೆ ಪೆಟ್ಟಿಗೆ. ಪುಡಿಯನ್ನು ಅಂಗೈಗೆ ಬಳಿದು ಕುಣಿಯ ಗೂಡಿನಲ್ಲಿದ್ದ ಡಬ್ಬಿಗೆ ಸುರಿದ. ಡಬ್ಬಿ ಮುಕ್ಕಾಲು ತುಂಬಿತ್ತು.

"ಎಂದಿನಿಂದ ಕಾಕಾ?"

"ನೀ ಹ್ವಾದ ವರ್ಷದಿಂದ. ದಿನಾ ಮುಂಜಾನೆ ಇಷ್ಟಿಷ್ಟು."

"ಯಾಕ ಹೇಳಲಿಲ್ಲ? ಇಳಿಸಿದ್ರ ನಾಕಾದ್ರೂ ಉಳೀತಿದ್ವು."

"ಇಳಿಸಿದ್ರ ವೈನಿ ಒಲಿಗೆ ಹಾಕ್ತಿದ್ಲು ತಂಗಿ. ಮ್ಯಾಲಿದ್ರ ಪುಸ್ತಕದ ಪೆಟಗಿ ಅಂತಾದ್ರೂ ಅಂತಾರ." ಆಮೇಲೆ ಲಾಳಿ ಎತ್ತಿಕೊಂಡ. "ಒಂದು ಉಳೀತಲ್ಲ. ನೀ ಒಯ್ದದ್ದು ಚಲೋ ಆತು."

ಮತ್ತೊಂದು ಪಂಚಮಿಗೆ ನನ್ನನ್ನು ಕಳಿಸುವಷ್ಟರಲ್ಲಿ ಕಾಕಾ ಹೋಗಿಬಿಟ್ಟಿದ್ದ. ಪೆಟ್ಟಿಗೆ ನೀರೊಲೆ ಸೇರಿತ್ತು. ಕುಣಿಗೆ ಮಣ್ಣು ತುಂಬಿ ಸಾರಿಸಿದ್ದರು. ಅಲ್ಲಿ ಅಣ್ಣನ ಮಕ್ಕಳು ಉಣ್ಣಲು ಕೂತಿದ್ದರು. ಆ ಡಬ್ಬಿ ಏನಾಯಿತೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮೊನ್ನೆ ಗಂಜಿಯ ಪಾತ್ರೆ ಕೆಳಗಿಟ್ಟು, ನನ್ನ ಪೆಟ್ಟಿಗೆಯ ತಳದಿಂದ ಆ ಪುಸ್ತಕ ತೆಗೆದು ಮೊಮ್ಮಗಳಿಗೆ ತೋರಿಸಿದೆ. ಅವಳು ಮುಟ್ಟದೆ ಬಗ್ಗಿ ನೋಡಿದಳು. ಇಷ್ಟು ಹಳೆಯದು, ಒಂದು ತೂತೂ ಇಲ್ಲ, ಹೇಗೆ ಕಾಪಾಡಿದೆ ಎಂದು ಕೇಳಿದಳು. ಕದ್ದು ಎಂದು ಹೇಳಿದೆ. ಅವಳಿಗೆ ನಗು ಬಂತು. ಒಳ್ಳೆಯ ಕವರು ತಂದು, ರಟ್ಟು ಸೇರಿಸಿ, ಕವರಿನ ಬಾಯಿ ಮುಚ್ಚಿ ತನ್ನ ಕಪಾಟಿನಲ್ಲಿ ನಿಲ್ಲಿಸಿದಳು. ನಾನು ಬೇಡವೆನ್ನಲಿಲ್ಲ. ಅವಳ ಕೈಯಲ್ಲಿ ಅದು ನನಗಿಂತ ಹೆಚ್ಚು ಬಾಳುತ್ತದೆ.

ಮರುದಿನ ಅವಳು ಕಾಲೇಜಿಗೆ ಹೋದ ಮೇಲೆ ಕಪಾಟು ತೆಗೆದೆ. ತೆಗೆಯುವ ಮೊದಲು ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆದು, ಒರೆಸಿಕೊಂಡು ಬಂದಿದ್ದೆ. ಕವರಿನ ಎದುರು ನಿಂತು, ರೂಢಿಯಂತೆ, ಎರಡೂ ಅಂಗೈ ಮುಂದೆ ಚಾಚಿದೆ. ನೋಡಿ ತಲೆಯಾಡಿಸುವವರು ಯಾರೂ ಇರಲಿಲ್ಲ.