ಅಜ್ಜಿ ಹಂದಿಯ ಗಿಣ್ಣು

ದೇವರ ಸಾಮಾನು ತಿಕ್ಕುವ ದಿನವೇ ನಮ್ಮ ಕೇರಿಯಲ್ಲಿ ಏನಾದರೂ ಆಗುವುದು. ಕೈಗೆಲ್ಲ ಹುಣಸೆಹುಳಿ, ಎದುರಿಗೆ ದೀಪ, ಗಂಟೆ, ಆರತಿ. ಎದ್ದು ಓಡುವ ಹಾಗಿಲ್ಲ, ಕೂತೇ ಕೇಳಬೇಕು. ಹೊನ್ನಾವರದ ನಮ್ಮ ಹಿತ್ತಿಲಲ್ಲಿ ಆವತ್ತೂ ಹಾಗೆ ಕೂತಿದ್ದಾಗ ಬೇಲಿಯಾಚೆಯಿಂದ ನಾತಾಲಬಾಯಿ ಕರೆದಳು.

"ಅಕ್ಕಾ, ಹಂದಿ ಮರಿ ಹಾಕ್ತು. ಒಂಬತ್ತು."

"ಒಳ್ಳೇದಾಯ್ತಲ್ಲೆ."

"ತಾಯಿ ಸತ್ತೋಯ್ತು."

ನಾನು ಗಂಟೆ ಕೆಳಗಿಟ್ಟೆ.

ನಾತಾಲಬಾಯಿ ಕ್ರಿಸ್ತಾಂವರವಳು, ಗಂಡ ಇಲ್ಲ, ಹಂದಿ ಸಾಕಿ ಬದುಕುವವಳು. ಹಿಂದಿನ ವರ್ಷದ ಮರಿಗಳೆಲ್ಲ ಬಿಳಿಭೇದಿ ಹತ್ತಿ ಹೋಗಿದ್ದವು. ಈ ಸಲವೂ ಹಾಗಾದರೆ ಗೂಡು ಕೆಡವಿ ಮಡಗಾಂವಿಗೆ, ತಂಗಿಯ ಮನೆಗೆ ಹೋಗಿಬಿಡುತ್ತೇನೆ ಎಂದು ಅವಳು ಮೊದಲೇ ಹೇಳಿಟ್ಟಿದ್ದಳು. ಅವಳು ಸುಮ್ಮನೆ ಹೆದರಿಸುವವಳಲ್ಲ. ಅವಳು ಹೋದರೆ ಬೇಲಿಯ ಆಚೆ ಮಾತಾಡಲು ನನಗೆ ಉಳಿಯುವುದು ಒಂದು ತೆಂಗಿನಮರ. ನೀವು ಇದನ್ನು ಸ್ವಾರ್ಥ ಅನ್ನಬಹುದು. ನಾನು ದೇವರ ಹತ್ತಿರವೂ ಹೀಗೇ ಹೇಳಿಕೊಂಡೆ, ಅವನು ಏನೂ ಅನ್ನಲಿಲ್ಲ.

ನಮ್ಮ ಆಕಳನ್ನು ನೋಡಲು ಬರುತ್ತಿದ್ದ ದನದ ಡಾಕ್ಟರನ್ನೇ ಕರೆಸಿದೆವು. ದನದ ಡಾಕ್ಟರು ಹಂದಿಗೂ ಡಾಕ್ಟರೇ ಎಂಬುದು ಆವತ್ತು ತಿಳಿಯಿತು. ಅವರು ಗೂಡು ನೋಡಿ ಬಂದು ನಮ್ಮ ಜಗಲಿಯಲ್ಲಿ ಕೂತು ವಿವರಿಸಿದರು. ಹಂದಿಮರಿ ಹುಟ್ಟುವಾಗ ರೋಗ ತಡೆಯುವ ಶಕ್ತಿ ಏನೂ ಇರುವುದಿಲ್ಲ, ಎಲ್ಲ ತಾಯಿಯ ಮೊದಲ ಹಾಲಿನಿಂದಲೇ ಬರಬೇಕು. ಇಲ್ಲಿ ತಾಯಿಯೇ ಇಲ್ಲ. ಆದರೆ ಗೂಡಿನ ಮೂಲೆಯಲ್ಲಿ ಒಂದು ಮುದಿ ಹಂದಿ ಇತ್ತು, ಸತ್ತದ್ದರ ತಾಯಿ. ಹೋದ ವರ್ಷ ಅದೇ ಭೇದಿಯ ನಡುವೆ ಬದುಕಿ ಉಳಿದದ್ದು, ಹಾಗಾಗಿ ಅದನ್ನು ತಡೆಯುವ ಶಕ್ತಿ ಅದರ ರಕ್ತದಲ್ಲಿತ್ತು.

"ಅದರ ರಕ್ತ ತೆಗೆದು ಇಟ್ಟರೆ ಹೆಪ್ಪುಗಟ್ಟಿ, ಮೇಲೆ ಹಳದಿ ನೀರು ನಿಲ್ತದೆ. ಸೀರಂ ಅಂತಾರೆ. ಹಾಲಿಗೆ ಹಾಕಿ ದಿನಾ ಕುಡಿಸಿದರೆ ಕರುಳಲ್ಲಿ ಕಾವಲು ಕೂತ ಹಾಗೆ. ನಿಲ್ಲಿಸಿದರೆ ಕಾವಲೂ ಹೋಯ್ತು," ಅಂದರು ಡಾಕ್ಟರು. ಆಮೇಲೆ ಕೆಮ್ಮಿದರು. "ತಂಪಲ್ಲಿ ಇಡಬೇಕು. ಕೇರಿಯಲ್ಲಿ ಫ್ರಿಜ್ ಇದ್ದದ್ದು ನಿಮ್ಮಲ್ಲೇ."

ಹೊಸ ಶತಮಾನ ಶುರುವಾಗಿ ಸ್ವಲ್ಪ ವರ್ಷವಾಗಿತ್ತು, ಫ್ರಿಜ್ ಬಂದು ಇನ್ನೂ ಕಡಿಮೆ. ಅದರಲ್ಲಿ ದೇವರ ಹೂವು, ನೈವೇದ್ಯದ ಹಾಲು, ಮೊಸರು ಬಿಟ್ಟು ಬೇರೇನೂ ಇಡುವ ಹಾಗಿರಲಿಲ್ಲ. ಈರುಳ್ಳಿ ಕೂಡ ಅದರ ಬಾಗಿಲು ದಾಟಿರಲಿಲ್ಲ. ಎಲ್ಲರೂ ಅತ್ತೆಯ ಮುಖ ನೋಡಿದೆವು.

"ಮಾಂಸವನ?" ಕೇಳಿದರು ಅತ್ತೆ.

"ಅಲ್ಲ."

"ರಕ್ತವನ?"

"ರಕ್ತದ ನೀರು," ಅಂದರು ಡಾಕ್ಟರು, ಸುಳ್ಳು ಹೇಳಲಾಗದೆ.

ಅತ್ತೆ ಬಹಳ ಹೊತ್ತು ಬತ್ತಿ ಹೊಸೆದರು. "ಔಷಧಕ್ಕೆ ಮೈಲಿಗೆ ಇಲ್ಲೆ. ಕೆಳಗಿನ ಖಾನೆಯಲ್ಲಿ ಇಡಲಿ. ಹಾಲಿಗಿಂತ ಮೇಲೆ ಬೇಡ."

ಹೀಗೆ ಎರಡು ಸೀಸೆ ಬಂದು ಕೂತವು. ನೋಡಲು ತಿಳಿಯಾದ ಹೊಂಬಣ್ಣ, ಅಸಹ್ಯ ಪಡುವಂಥದ್ದು ಏನೂ ಇರಲಿಲ್ಲ. ಆ ವಾರ ಕರೆಂಟ್ ಹೆಚ್ಚು ಹೊತ್ತು ಹೋಗಲಿಲ್ಲ. ಹೊನ್ನಾವರದಲ್ಲಿ ಆಗ ಇದ್ದವರಿಗೆ ಇದು ಎಷ್ಟು ದೊಡ್ಡ ಕೃಪೆ ಎಂದು ಗೊತ್ತು.

ಮಾರನೆಯ ಬೆಳಿಗ್ಗೆ ನಾತಾಲಬಾಯಿ ಬಂದಾಗ ಅತ್ತೆಯೇ ಒಳಗಿನಿಂದ ಒಂದು ಪಾತ್ರೆ ಹಿಡಿದು ಬಂದರು. "ತಣ್ಣಗಿನದು ಕುಡಿಸಿದರೆ ಶಿಶುಗಳಿಗೆ ಥಂಡಿ ಆಗ್ತು. ಒಂದು ಸೀಸೆಯದ್ದು ಪೂರಾ ಕಾಸಿದ್ದಿ. ಬೆಂಕಿ ಮುಟ್ಟಿದರೆ ದೋಷವೂ ಹೋತು." ನಮ್ಮ ಮನೆಯಲ್ಲಿ ಕಾಸದೆ ಯಾರ ಹೊಟ್ಟೆಗೂ ಏನೂ ಹೋಗುತ್ತಿರಲಿಲ್ಲ. ಹಂದಿಮರಿಗೆ ಬೇರೆ ನಿಯಮ ಮಾಡಲು ಅವರಿಗೆ ಕಾರಣ ಕಾಣಲಿಲ್ಲ.

ಪಾತ್ರೆಯೊಳಗೆ ನೀರು ಇರಲಿಲ್ಲ. ಬೆಳ್ಳಗೆ, ಮೆತ್ತಗೆ, ಒಂದೇ ಗಡ್ಡೆ.

ನಾತಾಲಬಾಯಿ ಅದನ್ನೇ ನೋಡಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

"ಗಿಣ್ಣು," ಅಂದರು ಅತ್ತೆ ಮೆಲ್ಲಗೆ. ಕರು ಹಾಕಿದ ಆಕಳ ಮೊದಲ ಹಾಲು ಕಾಸಿದರೆ ಹೀಗೇ ಕಟ್ಟಿಕೊಳ್ಳುವುದನ್ನು ಅವರು ಜನ್ಮವಿಡೀ ನೋಡಿದವರು. "ಇದು ಔಷಧ ಅಲ್ಲ. ಆ ಅಜ್ಜಿಯ ಗಿಣ್ಣು."

ಡಾಕ್ಟರು ಬಂದು ತಲೆ ಅಲ್ಲಾಡಿಸಿದರು. ಬೆಂಕಿ ತಾಗಿದರೆ ಅದರ ಶಕ್ತಿ ಸತ್ತ ಹಾಗೆ, ಮುದಿ ಹಂದಿಯಿಂದ ಸದ್ಯಕ್ಕೆ ಇನ್ನಷ್ಟು ರಕ್ತ ತೆಗೆಯುವಂತಿಲ್ಲ, ಉಳಿದ ಒಂದು ಸೀಸೆಯಲ್ಲೇ ಸುಧಾರಿಸಬೇಕು. ಆ ಸಂಜೆಯೇ ಭೇದಿ ಶುರುವಾಯಿತು. ಎರಡು ಮರಿ ಹೋದವು. ನಾತಾಲಬಾಯಿ ಟ್ರಂಕು ಹೊರಗೆ ತೆಗೆದು ಬಿಸಿಲಿಗೆ ಇಟ್ಟದ್ದು ಬೇಲಿಯಿಂದ ಕಾಣಿಸಿತು.

ಅಂದಿನಿಂದ ಆ ಸೀಸೆಯನ್ನು ಅತ್ತೆ ನನ್ನ ಕೈಗೂ ಕೊಡಲಿಲ್ಲ. ಹೊತ್ತು ಹೊತ್ತಿಗೆ ಒಂದಿಷ್ಟನ್ನು ಚಿಕ್ಕ ಲೋಟಕ್ಕೆ ಬಗ್ಗಿಸಿ, ಎರಡೂ ಅಂಗೈ ನಡುವೆ ಹಿಡಿದು, ಮೈಕಾವಿನಲ್ಲೇ ತಂಪು ಬಿಡಿಸಿ ಬೇಲಿಯ ಮೇಲಿಂದ ದಾಟಿಸುತ್ತಿದ್ದರು. ಬಾಯಲ್ಲಿ ಧನ್ವಂತರಿ ಸ್ತೋತ್ರ. ಆಮೇಲೆ ಸ್ನಾನ. ಪ್ರತಿ ಸಲವೂ ಸ್ನಾನ. ಮರಿಗಳಿಗೆ ಆಗಬಾರದೆಂದಿದ್ದ ಥಂಡಿ ಅತ್ತೆಗೆ ಆಯಿತು. ಬಾವಿಯಲ್ಲಿ ನೀರಿತ್ತು, ಅದನ್ನೂ ಕೃಪೆಯ ಲೆಕ್ಕಕ್ಕೆ ಹಿಡಿಯುತ್ತೇನೆ.

ಸೀಸೆಯ ತಳ ಕಾಣುವ ಹೊತ್ತಿಗೆ ನಮ್ಮಲ್ಲಿ ಸತ್ಯನಾರಾಯಣ ಪೂಜೆ ಬಂತು. ಪೂಜೆ, ಕಥೆ ಮುಗಿದು ಭಟ್ಟರು ಬಾಳೆಲೆಯ ಮುಂದೆ ಕೂತು ಸಾರನ್ನಕ್ಕೆ ಬಂದಿದ್ದರು. ಆಗ ಬೇಲಿಯ ಕಡೆಯಿಂದ ನಾತಾಲಬಾಯಿಯ ಕೂಗು ಕೇಳಿಸಿತು.

"ಅಮ್ಮಾ, ಗಟ್ಟಿ ಆಯ್ತು! ಎಲ್ಲದ್ದೂ ಗಟ್ಟಿ ಆಯ್ತು!"

ಅತ್ತೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು. "ದೇವರೇ," ಅಂದರು. ಹಿಂದೆಯೇ ಬೇಲಿಯಾಚೆಯ ಅಂಗಳದಲ್ಲಿ ಟ್ರಂಕು ಎಳೆದು ಒಳಗೊಯ್ಯುವ ಸದ್ದು ಕೇಳಿಸಿತು. ನನಗೆ ಅಷ್ಟು ಸಾಕಿತ್ತು.

ಭಟ್ಟರು ಕೈ ನಿಲ್ಲಿಸಿದರು. "ಎಂತ ಗಟ್ಟಿ ಆದ್ದು?"

ನಾನು ಮೊಸರು ಎಂದು ಹೇಳಲಿದ್ದೆ. ಸತ್ಯನಾರಾಯಣನ ದೀಪ ಉರಿಯುತ್ತಿತ್ತು. ಅತ್ತೆ ಅದನ್ನೊಮ್ಮೆ ನೋಡಿ ಹೇಳಿದರು. "ನೆರೆಮನೆಯ ಮಕ್ಕಳಿಗೆ ಹೊಟ್ಟೆ ಕೆಟ್ಟಿತ್ತು. ಸರಿ ಆತು."

"ಒಳ್ಳೇದಾತು. ಎಷ್ಟು ಮಕ್ಕ?"

"ಏಳು."

"ಏಳೂ ಚಿಕ್ಕವನ?"

"ಒಂದೇ ಬಾಣಂತನ."

ಭಟ್ಟರು ಎಲೆಯನ್ನು ನೋಡಿದರು, ಮತ್ತೆ ಅತ್ತೆಯನ್ನು ನೋಡಿದರು. "ತಾಯಿ ಹುಷಾರಿದ್ದ?"

"ತೀರಿಹೋತು. ಅಜ್ಜಿ ಉಳಿಸಿಕೊಂಡತು."

"ಪುಣ್ಯಾತ್ಗಿತ್ತಿ," ಅಂದರು ಭಟ್ಟರು, ಮನಸ್ಸಿಟ್ಟು. "ಅಂಥವಕ್ಕೆ ನಮಸ್ಕಾರ ಮಾಡಬೇಕು."

ಅತ್ತೆ ಹೌದೆಂದು ತಲೆಯಾಡಿಸಿದರು. ನಾನು ಮೊಸರು ತರಲು ಒಳಗೆ ಹೋದೆ.