ಮತ್ತೆ ಅಲುಗಿದ ಹುಳ

ಬೈಲಹೊಂಗಲದ ಕಾಲೇಜಿಗೆ ಪ್ರಾಣಿಶಾಸ್ತ್ರ ಕಲಿಸಲು ಹೋದಾಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊರಲ್ಲಿ ನನ್ನವರು ಅಂತ ಒಬ್ಬರೂ ಇರಲಿಲ್ಲ. ಭಾನುವಾರವಿಡೀ ಮಾತಿಲ್ಲದೆ ಕಳೆದು, ಸೋಮವಾರ ತರಗತಿಯಲ್ಲಿ ಬಾಯಿ ತೆರೆದರೆ ದನಿಯೇ ಹೊರಡುತ್ತಿರಲಿಲ್ಲ. ಇದ್ದವಳು ನಾನು ಬಾಡಿಗೆಗಿದ್ದ ಮನೆಯೊಡತಿ ಒಬ್ಬಳೇ. ಗಂಡ ತೀರಿದ ಹೆಂಗಸು, ಹಿತ್ತಿಲಲ್ಲಿ ನಾಲ್ಕು ಕುರಿ ಸಾಕಿದ್ದಳು. ಸಂಜೆ ಒಲೆ ಮುಂದೆ ಕೂತು, "ಬರ್ರಿ ಅಕ್ಕಾರ, ಬಿಸಿ ರೊಟ್ಟಿ ಉಣ್ಣಬರ್ರಿ" ಎಂದು ಕರೆಯುತ್ತಿದ್ದಳು. ಆ ಕರೆಗಾಗಿಯೇ ನಾನು ಬೇಕಂತಲೇ ಹಿತ್ತಿಲ ಕಡೆ ಸುಳಿಯುತ್ತಿದ್ದೆ, ನಾಚಿಕೆಗೆಟ್ಟವಳು.

ಒಮ್ಮೆ ಅವಳ ಗಬ್ಬದ ಕುರಿಗೆ ಗದ್ದದ ಕೆಳಗೆ ನೀರು ತುಂಬಿ ಬಾತುಕೊಂಡಿತು. ಹೊಟ್ಟೆಯಲ್ಲಿ ರಕ್ತ ಹೀರುವ ಹುಳ. ದನದ ದವಾಖಾನೆಯವರು ಔಷಧಿ ಕೊಟ್ಟು ಅಳತೆ ಹೇಳಿದ್ದರು. ಆದರೆ ಪೂರ್ತಿ ಕುಡಿಸಿದರೆ ಗಬ್ಬದ ಕುರಿ ದಿನ ತುಂಬುವ ಮೊದಲೇ ಕಂದು ಹಾಕುತ್ತದೆಂದು ಆ ಓಣಿಯವರೆಲ್ಲ ಅರ್ಧವೇ ಕುಡಿಸುವವರು.

"ಅರ್ಧ ಸಾಕಲ್ರಿ ಅಕ್ಕಾರ? ನೀವು ಕಲಿತವ್ರು, ಹೇಳ್ರಿ" ಎಂದಳು.

ಅಬ್ಬಾ, ನನ್ನ ದೊಡ್ಡಸ್ತಿಕೆಯೇ! ಕಟುಕರ ಅಂಗಡಿಯಿಂದ ಅದೇ ಜಾತಿಯ ಹುಳ ತರಿಸಿ, ಕಾಲೇಜಿನಲ್ಲಿ ಉಗುರುಬೆಚ್ಚಗಿನ ಉಪ್ಪುನೀರಿಗೆ ಬಿಟ್ಟು, ಆ ಔಷಧಿಯನ್ನು ತೆಳುವಾಗಿ ಬೆರೆಸಿ ನೋಡಿದೆ. ಹೊರಳಾಡುತ್ತಿದ್ದವು ಸೆಟೆದು ನಿಂತುಬಿಟ್ಟವು. ಇಷ್ಟು ತೆಳು ಔಷಧಿಗೇ ಸತ್ತವು ಎಂದುಕೊಂಡೆ. ಮಧ್ಯಾಹ್ನ ಊಟಕ್ಕೆ ಬಂದು "ಅರ್ಧ ಸಾಕ್ರಿ" ಎಂದೆ. ಅವಳು ಕುಡಿಸಿದಳು.

ಕಾಲೇಜಿಗೆ ಮರಳಿ, ಬಟ್ಟಲು ತೊಳೆಯುವ ಮುಂಚೆ ಹುಳಗಳನ್ನು ಸುಮ್ಮನೆ ಬೇರೆ ಉಪ್ಪುನೀರಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಒಂದರ ಬಾಲ ಅಲುಗಿತು. ಆಮೇಲೆ ಇನ್ನೊಂದರದು. ಔಷಧಿ ಅವನ್ನು ಕೊಂದಿರಲಿಲ್ಲ, ಮೈ ಸೆಟೆಸಿತ್ತು ಅಷ್ಟೇ. ಅಳತೆ ಪೂರ್ತಿಯಾದರೆ ಸೆಟೆದ ಹುಳ ಹಿಡಿತ ತಪ್ಪಿ ಹಿಕ್ಕೆಯೊಂದಿಗೆ ಹೊರಬೀಳುತ್ತದೆ. ಕಡಿಮೆಯಾದರೆ ಚೇತರಿಸಿಕೊಂಡು ಮತ್ತೆ ಕಚ್ಚಿಕೊಳ್ಳುತ್ತದೆ.

ಹೇಳಬೇಕೆಂದೇ ಮನೆಗೆ ಓಡಿದೆ. ಅವಳು ನನ್ನ ತಟ್ಟೆಗೆ ಬೆಣ್ಣೆ ಹಾಕುತ್ತ ಪಕ್ಕದ ಮನೆಯವಳಿಗೆ, "ನಮ್ಮ ಅಕ್ಕಾರ ಅದಾರ, ನನಗೇನ ಚಿಂತಿಲ್ಲ ನೋಡವಾ" ಎನ್ನುತ್ತಿದ್ದಳು. ನಮ್ಮ ಅಕ್ಕಾರ! ಆ ಊರಲ್ಲಿ ನನ್ನನ್ನು ಯಾರೂ ನಮ್ಮವಳು ಎಂದಿರಲಿಲ್ಲ. ಉಳಿದರ್ಧ ಔಷಧಿ ಅಲ್ಲೇ ಗೋಡೆಯ ಗೂಡಿನಲ್ಲಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡು ಉಂಡೆ. ಮರುದಿನವೂ ಬಾಯಿ ಬರಲಿಲ್ಲ.

ಐದನೆಯ ದಿನ ಕುರಿ ಸತ್ತಿತು, ಹೊಟ್ಟೆಯಲ್ಲಿದ್ದ ಮರಿಯೂ ಹೋಯಿತು. ಆಗ ಎಲ್ಲ ಹೇಳಿದೆ, ಹುಳ ಮತ್ತೆ ಅಲುಗಿದ್ದನ್ನೂ. ಅವಳು, "ಅದು ನಿಮಗ ಯಾವಾಗ ಗೊತ್ತಾತ್ರಿ?" ಎಂದಳು.

"ಇವತ್ತ ಗೊತ್ತಾತ್ರಿ" ಎಂದೆ.

"ಹೋಗ್ಲಿ ಬಿಡ್ರಿ, ನೀವರ ಏನ ಮಾಡ್ತೀರಿ" ಎಂದು ಕಣ್ಣೊರೆಸಿಕೊಂಡು ನನಗೆ ರೊಟ್ಟಿ ಬಡಿಸಿದಳು. ವರ್ಗವಾಗುವವರೆಗೆ ಇನ್ನೂ ಎರಡು ವರ್ಷ ಅವಳ ಕೈಯೂಟ ಉಂಡೆ. ಒಂದು ದಿನವೂ ಅವಳ ಮುಖ ನೋಡಿ ಮಾತಾಡಲಾಗಲಿಲ್ಲ.